ಅಹವಾಲು ಕಿಂಡಿಯ ದನಿ

ನಮ್ಮ ಊರಿನಲ್ಲಿ ಕೆಲಸದಿಂದ ನಿವೃತ್ತರಾದವರು ತಮ್ಮ ದನಿಯನ್ನು ಕುರ್ಚಿಯಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಆ ಕುರ್ಚಿಗೆ ಹೊಸದಾಗಿ ಬಂದವರು ಕೂತು ಬಾಯಿ ತೆರೆದರೆ ಹಳಬರ ದನಿ ಹೊರಡುತ್ತದೆ. ಹೊಸಬರಿಗೆ ತಮ್ಮ ದನಿ ತಿರುಗಿ ಬರುವವರೆಗೆ ಹಳಬರು ಮನೆಯಲ್ಲಿ ಮೂಕರಾಗಿರುತ್ತಾರೆ. ಸಾಮಾನ್ಯವಾಗಿ ಇದು ಒಂದೆರಡು ವಾರದ ಮಾತು. ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಕಚೇರಿಯ ಕಡೆಯಿಂದ ಒಂದು ಸಣ್ಣ ಹಿತ್ತಾಳೆ ಗಂಟೆಯನ್ನು ಕೊಟ್ಟು ಕಳಿಸುತ್ತೇವೆ. ಏನಾದರೂ ಬೇಕಾದರೆ ಅದನ್ನು ಅಲ್ಲಾಡಿಸಬೇಕು. ದನಿ ಬಂದ ಮೇಲೆ ಗಂಟೆಯನ್ನು ವಾಪಸು ಕೊಡಬೇಕು, ಏಕೆಂದರೆ ಒಂದೊಂದು ಕಚೇರಿಯಲ್ಲಿ ಇರುವುದು ಒಂದೇ ಗಂಟೆ. ನಿವೃತ್ತರಾಗುವ ಹೆಂಗಸರು ಮಾತ್ರ ಗಂಟೆ ಬೇಡವೆನ್ನುತ್ತಾರೆ. ತಾವು ಅಲ್ಲಾಡಿಸಿದರೆ ಮನೆಯಲ್ಲಿ ಯಾರೂ ಏಳುವುದಿಲ್ಲ ಎಂಬುದು ಅವರ ಸಮಜಾಯಿಷಿ.

ನಾನು ಇಲ್ಲಿನ ನೀರು ಸರಬರಾಜು ಕಚೇರಿಯಲ್ಲಿದ್ದೇನೆ. ಹೊಸದಾಗಿ ಸೇರಿದವರನ್ನು ಬರಮಾಡಿಕೊಂಡು, ಕಚೇರಿ ತೋರಿಸಿ, ಅವರಿಗೆ ಅವರ ದನಿ ಬರುವವರೆಗೆ ಜೊತೆಗಿರುವುದು ನನ್ನ ಕೆಲಸ. ಅದಕ್ಕೂ ಮೊದಲು ಒಂದು ಪತ್ರಿಕೆಯಲ್ಲಿ ವರದಿ ಬರೆಯುತ್ತ, ಕರಡು ತಿದ್ದುತ್ತ ಇದ್ದೆ. ಪತ್ರಿಕೆ ನಿಂತುಹೋದ ಮೇಲೆ ಇಲ್ಲಿಗೆ ಬಂದೆ. ಆಗ ಈ ಹುದ್ದೆಯೇ ಹೊಸದು, ಕುರ್ಚಿ ಬಡಗಿಯ ಅಂಗಡಿಯಿಂದ ನೇರವಾಗಿ ಬಂದದ್ದು, ಹಾಗಾಗಿ ನನ್ನ ದನಿಗೆ ಏನೂ ಆಗಲಿಲ್ಲ. ಕುರ್ಚಿ ಮತ್ತು ದನಿಯ ವಿಷಯದಲ್ಲಿ ಊರಿನವರು ತಲೆಗೊಂದು ಕಾರಣ ಹೇಳುತ್ತಾರೆ. ಕಾರಣ ನನಗೆ ಗೊತ್ತಿಲ್ಲ. ನಾನು ಕಂಡದ್ದನ್ನು, ಕಂಡವರು ನನಗೆ ನೇರವಾಗಿ ಹೇಳಿದ್ದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಮೊದಲ ದಿನ ಹೇಳುವ ಸಂಗತಿಗಳು ದೊಡ್ಡವೇನಲ್ಲ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ಯಾವ ಫ್ಯಾನಿನ ಕೆಳಗೆ ಕೂತರೆ ಕಾಗದ ಹಾರುತ್ತದೆ, ಚಹಾ ತರುವ ದಸ್ತಗೀರನಿಗೆ ಸಕ್ಕರೆ ಕಡಿಮೆ ಎಂದು ಮೊದಲೇ ಹೇಳದಿದ್ದರೆ ಏನಾಗುತ್ತದೆ, ಇಂಥವು. ಆಮೇಲೆ ದನಿಯ ವಿಷಯ. ಒಂದಷ್ಟು ದಿನ ತಾಯಿಗೆ ಫೋನ್ ಮಾಡಬೇಡಿ, ಹೆದರುತ್ತಾರೆ. ಮನೆಗೆ ಹೋದಾಗ ಬಾಗಿಲಾಚೆಯಿಂದ ಕೂಗಬೇಡಿ, ಮೊದಲು ಮುಖ ತೋರಿಸಿ ಆಮೇಲೆ ಮಾತಾಡಿ. ದನಿ ನಿಮ್ಮ ಜೊತೆ ಮನೆಗೂ ಬರುತ್ತದೆ, ಆದರೆ ಅದು ಇನ್ನೊಬ್ಬರ ಸ್ವತ್ತು, ಅದರಲ್ಲಿ ಗಂಡನ ಜೊತೆಯಾಗಲಿ ಹೆಂಡತಿಯ ಜೊತೆಯಾಗಲಿ ಜಗಳ ಮಾಡುವುದು ಮರ್ಯಾದೆಯಲ್ಲ. ಕಡೆಯದಾಗಿ ನಮ್ಮ ಕಚೇರಿಯ ಪಾಠ. ಬೇಸಿಗೆಯಲ್ಲಿ ಜನ ಖಾಲಿ ಕೊಡ ಹಿಡಿದುಕೊಂಡೇ ಬರುತ್ತಾರೆ, ಸಿಟ್ಟಿನಲ್ಲಿರುತ್ತಾರೆ. ಅವರು ಏನು ಕೇಳಿದರೂ ‘ನೋಡೋಣ’ ಅನ್ನಿ. ಆ ಒಂದು ಮಾತಿನಿಂದ ನಮ್ಮ ಕಚೇರಿಯ ಕಿಟಕಿ ಗಾಜು ಇವತ್ತಿಗೂ ಒಡೆಯದೆ ಉಳಿದಿದೆ ಎನ್ನುತ್ತಿದ್ದೆ.

ದನಿ ತಿರುಗಿ ಬರುವ ಬಗೆ ಊರಿನ ಎಲ್ಲರಿಗೂ ಗೊತ್ತು. ಹಳಬರ ದನಿ ಜನ್ಮದಲ್ಲಿ ಆಡಿರದ ಒಂದು ಮಾತನ್ನು ಹೊಸಬರು ಆ ಕುರ್ಚಿಯಲ್ಲಿ ಕೂತು ಎದುರಿಗಿರುವ ಒಬ್ಬರಿಗೆ ಹೇಳಬೇಕು. ಗೋಡೆಗೆ ಹೇಳಿದರೆ ಪ್ರಯೋಜನವಿಲ್ಲ. ಇದು ಬಹುತೇಕ ತಾನಾಗಿಯೇ ಆಗುತ್ತದೆ. ಬಿಲ್ಲು ವಿಭಾಗದಲ್ಲಿ ಹೊರಗಿನ ಊಟ ಮುಟ್ಟದ ಒಬ್ಬ ಕಟ್ಟುನಿಟ್ಟಿನ ಹಿರಿಯರಿದ್ದರು. ಅವರ ಜಾಗಕ್ಕೆ ಬಂದ ಹುಡುಗ ಮೊದಲ ದಿನವೇ ದಸ್ತಗೀರನಿಗೆ ಎಗ್ ಪಫ್ಸ್ ತರಲು ಹೇಳಿದ. ‘ಎಗ್’ ಹಿರಿಯರ ದನಿಯಲ್ಲಿ ಬಂತು, ‘ಪಫ್ಸ್’ ಹುಡುಗನದೇ ದನಿಯಲ್ಲಿ ಬಂತು. ಆದರೆ ಮೊದಲ ತಿಂಗಳು ತುಂಬುವುದರೊಳಗೆ ಬಾರದ ದನಿ ಮತ್ತೆ ಬರುವುದಿಲ್ಲ. ಅಂಥವು ನಾಲ್ಕೈದು ನಡೆದಿವೆ ಎಂದು ಜನ ಹೇಳುತ್ತಾರೆ. ನಾನು ಕಂಡದ್ದು ಒಂದೇ. ವಾಚನಾಲಯದಲ್ಲಿ ಪುಸ್ತಕ ಕೊಡುವ ಹೆಂಗಸು ಇವತ್ತಿಗೂ ಒಬ್ಬ ಮುದುಕರ ಒಡಕು ದನಿಯಲ್ಲಿ ಮಾತಾಡುತ್ತಾರೆ. ಆ ಮುದುಕರು ಕೆರೆಯ ಹಿಂದಿನ ಬೀದಿಯಲ್ಲಿದ್ದಾರೆ. ಅವರ ಮನೆಯ ಮುಂದೆ ಹಾದರೆ ಗಂಟೆಯ ಸದ್ದು ಕೇಳಿಸುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಅಹವಾಲು ಕಿಂಡಿಯ ಚೆನ್ನವೀರಯ್ಯನವರು ನಿವೃತ್ತರಾದರು. ನೀರು ಬರಲಿಲ್ಲ, ಕೊಳವೆ ಒಡೆಯಿತು, ಬಣ್ಣದ ನೀರು ಬಂತು ಎಂದು ಜನ ದೂರು ಹೇಳುವುದು ಆ ಕಿಂಡಿಯಲ್ಲಿ. ಅಲ್ಲಿ ಕೂತು ಅವರು ತಲೆ ನರೆಸಿಕೊಂಡಿದ್ದರು. ಅವರದು ದೊಡ್ಡ ಹಂಡೆಯೊಳಗಿಂದ ಬಂದಂಥ ದನಿ. ದೂರು ಕೇಳಿ ಮುಗಿಸಿ, ಅಂಗೈಯನ್ನು ಮೆಲ್ಲಗೆ ಮಗುಚಿ ‘ನೋಡೋಣ’ ಎಂದರೆ, ಕೇಳಿದವರಿಗೆ ತಮ್ಮ ಬೀದಿಯ ಕೊಳವೆಯಲ್ಲಿ ಆಗಲೇ ನೀರು ಹೊರಟಿತೆಂಬ ಭಾವನೆ ಬರುತ್ತಿತ್ತು. ನೀರು ಬಂದದ್ದು ಕಡಿಮೆ. ಆದರೂ ಅವರ ಬೀಳ್ಕೊಡುಗೆಗೆ ನೀರಿಲ್ಲದ ಬೀದಿಗಳಿಂದಲೇ ಹೆಚ್ಚು ಜನ ಬಂದಿದ್ದರು.

ಆ ಕುರ್ಚಿಗೆ ಬಂದವರು ಇಂದುಮತಿ. ಬೇರೆ ಊರಿನವರು. ಗಂಡ ದೂರದಲ್ಲಿ ಎಲ್ಲೋ ಸೇತುವೆ ಕಟ್ಟುವ ಕೆಲಸದಲ್ಲಿದ್ದ, ಮಳೆಗಾಲ ಶುರುವಾದ ಮೇಲೆ ಬರುವವನು. ಮೂರು ವರ್ಷದ ಮಗಳು ಮಿಂಚುವನ್ನೂ ತಾಯಿಯನ್ನೂ ಕರೆದುಕೊಂಡು ಬಂದು ಪೇಟೆಬೀದಿಯ ಒಂದು ಮಾಳಿಗೆಯಲ್ಲಿ ಬಾಡಿಗೆಗೆ ಇಳಿದಿದ್ದರು. ಹೊರಗಿನವರಿಗೆ ದನಿಯ ವಿಷಯವನ್ನು ಎಷ್ಟು ಹೇಳಿದರೂ ನಂಬಿಕೆ ಬರುವುದಿಲ್ಲ. ಅವರೂ ತಲೆಯಾಡಿಸಿ ನಕ್ಕರು. ಕುರ್ಚಿಯಲ್ಲಿ ಕೂತು ನನ್ನ ಕಡೆ ತಿರುಗಿ ಏನೋ ಕೇಳಲು ಹೋದರು. ಚೆನ್ನವೀರಯ್ಯನವರ ದನಿ ಹೊರಟಿತು. ಅವರು ಗಂಟಲಿನ ಮೇಲೆ ಕೈಯಿಟ್ಟುಕೊಂಡರು. ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ದಸ್ತಗೀರ ಹೇಳಿದ, “ಅಯ್ಯನೋರು ಎಲ್ಲಿ ನಿವೃತ್ತರಾದ್ರು ಸಾರ್? ಸೀರೆ ಉಟ್ಕೊಂಡು ವಾಪಸ್ ಬಂದವ್ರೆ.” ಇಂದುಮತಿಗೆ ನಗು ಬಂತು. ನಗುವೂ ಅಯ್ಯನವರದೇ.

ಕೆಲಸವನ್ನು ಅವರು ಬೇಗ ಕಲಿತರು. ಯಾವ ಬೀದಿಗೆ ಯಾವ ತೊಟ್ಟಿಯ ನೀರು, ಯಾರ ದೂರಿನಲ್ಲಿ ಎಷ್ಟು ನಿಜ, ಎಲ್ಲ ಹಿಡಿತಕ್ಕೆ ಬಂತು. ಹೇಳಿಕೊಟ್ಟಂತೆ ಎಲ್ಲರಿಗೂ ‘ನೋಡೋಣ’ ಎನ್ನುತ್ತಿದ್ದರು. ಜನಕ್ಕೆ ಸಂತೋಷವಾಯಿತು. ಚೆನ್ನವೀರಯ್ಯನವರು ಹೋದರೆ ಹೇಗಪ್ಪಾ ಎಂದುಕೊಂಡಿದ್ದವರು ಕಿಂಡಿಯ ಮುಂದೆ ಕಣ್ಣು ಮುಚ್ಚಿಕೊಂಡು ನಿಂತು ‘ನೋಡೋಣ’ ಕೇಳಿಸಿಕೊಂಡು ಹೋಗುತ್ತಿದ್ದರು. ಎರಡು ವಾರ ಕಳೆಯಿತು. ಅವರ ದನಿ ಬರಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಕೂತಿದ್ದರು. ಕೇಳಿದೆ. ಮಗಳು ಹತ್ತಿರ ಬರುತ್ತಿಲ್ಲವೆಂದರು. ಮೊದಮೊದಲು ಅದು ಆಟವೆಂದುಕೊಂಡು ನಗುತ್ತಿತ್ತು, ಈಗ ಅಜ್ಜಿಯ ಸೆರಗು ಬಿಡುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ತೊಡೆಯ ಮೇಲೆ ಕೂರುತ್ತದೆ, ಒಂದು ಮಾತಾಡಿದರೆ ಇಳಿದು ಓಡುತ್ತದೆ. ಹಾಗಾಗಿ ಮನೆಯಲ್ಲಿ ಮಾತೇ ಬಿಟ್ಟಿದ್ದರಂತೆ, ಕೈಯಲ್ಲೇ ಕತೆ ಹೇಳುತ್ತಿದ್ದರಂತೆ. ಅಷ್ಟನ್ನು ಸಮಾಧಾನದಿಂದಲೇ ಹೇಳಿದವರು ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದುಕೊಂಡರು. “ನಿನ್ನೆ ನನ್ನ ಮುಖ ನೋಡ್ಕೊಂಡೇ ಕೇಳಿದ್ಲು ಸಾರ್, ‘ಅಮ್ಮ ಯಾವಾಗ ಬರ್ತಾಳೆ?’ ಅಂತ.” ಅದನ್ನು ಹೇಳಿದ್ದೂ ಆ ಹಂಡೆಯ ದನಿಯಲ್ಲೇ.

ಮರುದಿನದಿಂದ ಕಚೇರಿಯೆಲ್ಲ ಸೇರಿ ಪ್ರಯತ್ನ ಶುರುಮಾಡಿದೆವು. ದಸ್ತಗೀರ ಕಿಂಡಿಯ ಆಚೆ ನಿಲ್ಲುವುದು, ನಾವು ಹೇಳಿಕೊಟ್ಟ ಮಾತನ್ನು ಇಂದುಮತಿ ಅವನಿಗೆ ಹೇಳುವುದು. ಜೋಗುಳ ಹಾಡಿಸಿದೆವು. ಸಾಲಿನಲ್ಲಿ ಅಳುತ್ತಿದ್ದ ಯಾರದೋ ಕೂಸಿಗೆ ಚೆನ್ನವೀರಯ್ಯನವರು ಹಿಂದೊಮ್ಮೆ ಜೋಗುಳ ಹಾಡಿದ್ದರೆಂದು ಆಮೇಲೆ ಗೊತ್ತಾಯಿತು. ಬಾಯಿಗೆ ಬಾರದ ಬೈಗುಳ ಹೇಳಿಸಿದೆವು. ಇಂದುಮತಿ ಕಣ್ಣು ಮುಚ್ಚಿಕೊಂಡು ಹೇಳಿದರು. ಅವನ್ನೂ ಅಯ್ಯನವರು ಕೆಟ್ಟುನಿಂತ ಪಂಪಿಗೆ ಹೇಳಿ ಮುಗಿಸಿದ್ದರು. ತೆಲುಗು ಆಡಿಸಿದೆವು, ಅದೂ ಆಗಿತ್ತು. ಹೆಂಗಸರು ಮಾತ್ರ ಆಡುವ ಮಾತು ಆಡಿದರೆ ಹೇಗೆ ಎಂದು ಟೈಪಿಸ್ಟ್ ಶಕುಂತಲಾಬಾಯಿ ಸೂಚಿಸಿದರು. ‘ನನಗೀಗ ಐದು ತಿಂಗಳು’ ಎಂದು ಇಂದುಮತಿ ದಸ್ತಗೀರನಿಗೆ ತಿಳಿಸಿದರು. ದನಿ ಬದಲಾಗಲಿಲ್ಲ. ಚೆನ್ನವೀರಯ್ಯನವರು ವಯಸ್ಸಿನಲ್ಲಿ ಊರಿನ ನಾಟಕಗಳಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದರಂತೆ, ಅದರಲ್ಲೊಬ್ಬಳು ಬಸುರಿ ರಾಣಿ. ದಸ್ತಗೀರ ಸೋತು ಹೇಳಿದ, “ಆ ಮನುಷ್ಯ ಮಾತಾಡದೆ ಬಿಟ್ಟಿರೋದು ಏನಾದ್ರೂ ಇದ್ಯಾ ಸಾರ್?”

ಸ್ವತಃ ಅವರನ್ನೇ ಕೇಳುವುದೆಂದು ಹೊರಟೆ. ಚೆನ್ನವೀರಯ್ಯನವರ ಮನೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಹಿಂದೆ. ಎಕ್ಸ್‌ಚೇಂಜ್ ಮುಚ್ಚಿ ಬಹಳ ಕಾಲವಾಗಿದೆ, ಈಗ ಅದರಲ್ಲಿ ಪಾರಿವಾಳಗಳಿವೆ. ಅವರು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಗಂಟೆ ಇತ್ತು. ನನ್ನನ್ನು ಕಂಡು ಮುಖ ಅರಳಿತು, ಬಾಯಿ ತೆರೆದರು, ನೆನಪಾಗಿ ಮುಚ್ಚಿದರು. ಅವರ ಹೆಂಡತಿ ಸರ್ವಮಂಗಳಮ್ಮ ಹೊಸ್ತಿಲಲ್ಲಿ ನಿಂತು ನನ್ನನ್ನು ಮಾತಾಡಿಸಿದರು. ತೆಳ್ಳಗಿನ, ನೆಟ್ಟಗೆ ನಿಲ್ಲುವ ಹೆಂಗಸು. ಮಾತು ಹೋದ ಮೇಲೆ ಮನುಷ್ಯ ಎಷ್ಟು ಒಳ್ಳೆಯವರಾಗಿದ್ದಾರೆ, ಕೆಲಸಕ್ಕೆ ಒದಗುತ್ತಿದ್ದಾರೆ, ನಿಮಗೇನು ಅವಸರ ಎಂದರು. ಚೆನ್ನವೀರಯ್ಯನವರು ನಕ್ಕರು, ಸದ್ದಿಲ್ಲದೆ.

ನಾನು ವಿಷಯ ಹೇಳಿದೆ. ಇಂದುಮತಿಯ ಮಗುವಿನ ಮಾತನ್ನೂ ಹೇಳಿದೆ. ತಿಂಗಳು ತುಂಬುತ್ತ ಬಂತು, ತುಂಬಿದರೆ ಆ ಹೆಣ್ಣುಮಗಳಿಗೆ ಇದೇ ದನಿ ಗಟ್ಟಿ, ನಿಮಗೆ ಈ ಗಂಟೆಯೇ ಗಟ್ಟಿ ಎಂದೆ. ನೀವು ಜೀವನದಲ್ಲಿ ಆಡದ ಮಾತು ಯಾವುದಾದರೂ ಇದ್ದರೆ ಯೋಚಿಸಿ ತಿಳಿಸಿ ಎಂದು ಕೇಳಿದೆ. ಅವರು ಬೆಳ್ಳುಳ್ಳಿಯನ್ನು ಕೆಳಗಿಟ್ಟು ಪ್ರಾಮಾಣಿಕವಾಗಿ ಯೋಚಿಸಿದರು. ಆದರೆ ಆಡಿದ್ದು ನೆನಪಿಗೆ ಬರುವ ಹಾಗೆ ಆಡದೆ ಬಿಟ್ಟದ್ದು ಯಾರ ನೆನಪಿಗೂ ಬರುವುದಿಲ್ಲ. ಕೊನೆಗೆ ನನ್ನ ಕಡೆ ನೋಡಿ ಅಂಗೈಯನ್ನು ಮೆಲ್ಲಗೆ ಮಗುಚಿದರು. ಕಿಂಡಿಯಲ್ಲಿ ಎಷ್ಟೋ ಸಲ ಕಂಡಿದ್ದ ಕೈ. ದನಿಯಿಲ್ಲದಿದ್ದರೂ ಅದರ ಅರ್ಥ ಸ್ಪಷ್ಟವಾಗಿತ್ತು. ಹೊಸ್ತಿಲಲ್ಲಿದ್ದ ಸರ್ವಮಂಗಳಮ್ಮ ಆ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನಗೆ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಕಚೇರಿ ತೆರೆದಾಗ ಅಹವಾಲು ಕಿಂಡಿಯ ಮುಂದೆ ಸರ್ವಮಂಗಳಮ್ಮ ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು, ಕೈಯಲ್ಲಿ ಚೀಲ. ಒಳಗೆ ಬನ್ನಿ ಎಂದು ಕರೆದೆ, ಬರಲಿಲ್ಲ. ನಾನು ಅಹವಾಲು ಹೇಳಲು ಬಂದಿದ್ದೇನೆ, ಅಹವಾಲು ಹೇಳುವ ಜಾಗ ಇದೇ ತಾನೆ ಎಂದರು. ಇಂದುಮತಿ ಕುರ್ಚಿಯಲ್ಲಿ ಕೂತು, ರೂಢಿಯಂತೆ, “ಹೇಳಿ ಅಮ್ಮಾ” ಎಂದರು. ಗಂಡನ ದನಿಯಲ್ಲಿ ಹಾಗೆ ಕರೆಸಿಕೊಂಡ ಸರ್ವಮಂಗಳಮ್ಮ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ ತಮ್ಮ ಸಂಗತಿ ಹೇಳಿದರು. ಕಚೇರಿಯಲ್ಲಿ ಉಳಿದವರೆಲ್ಲ ಕೆಲಸ ಬಿಟ್ಟು ಕೇಳಿದೆವು, ಕೇಳುತ್ತಿಲ್ಲವೆಂದು ತೋರಿಸಿಕೊಳ್ಳಲು ಯಾರೂ ಪ್ರಯತ್ನಿಸಲಿಲ್ಲ.

ಮದುವೆಯಾದ ಹೊಸದರಲ್ಲಿ ಅವರಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಬಂದಿತ್ತು. ಪರೀಕ್ಷೆ ಬರೆದು, ದನಿ ಪರೀಕ್ಷೆಗೂ ಹೋಗಿ, ಎರಡರಲ್ಲೂ ಮೊದಲನೆಯವರಾಗಿ ಬಂದಿದ್ದರು. ಸೇರಲಾ ಎಂದು ಗಂಡನನ್ನು ಕೇಳಿದರು. ಗಂಡ ನೋಡೋಣ ಎಂದರು. ವಾರ ಬಿಟ್ಟು ಮತ್ತೆ ಕೇಳಿದರು. ನೋಡೋಣ ಎಂದರು. ಎಕ್ಸ್‌ಚೇಂಜಿನವರು ಮನೆಗೇ ಆಳು ಕಳಿಸಿ ಬರುತ್ತೀರೋ ಇಲ್ಲವೋ ಎಂದು ಕೇಳಿದರು. ಅಂದೂ ಅದೇ ಮಾತು. ಆ ಕುರ್ಚಿಗೆ ಇನ್ನೊಬ್ಬರು ಬಂದರು, ಹೋದರು, ಮತ್ತೊಬ್ಬರು ಬಂದರು, ಕೊನೆಗೆ ಎಕ್ಸ್‌ಚೇಂಜೇ ಮುಚ್ಚಿತು. ಅಷ್ಟು ಹೊತ್ತಿಗೂ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ.

“ನಮ್ಮನೆಯವರು ಕೆಟ್ಟವರಲ್ಲ,” ಎಂದರು ಸರ್ವಮಂಗಳಮ್ಮ. “ಕೈ ಎತ್ತಿದೋರಲ್ಲ, ಗದರಿದೋರಲ್ಲ. ಆಗಲ್ಲ ಅಂತ ಒಂದು ಸಲ ಅಂದಿದ್ರೆ ಜಗಳ ಆಡ್ತಿದ್ದೆ. ಜಗಳದಲ್ಲಿ ನಾನು ಯಾರಿಗೂ ಸೋತೋಳಲ್ಲ. ನೋಡೋಣ ಅಂದ್ರೆ ಯಾರ ಜೊತೆ ಆಡೋದು?”

ನನಗೆ ಆಗ ತಿಳಿಯಿತು. ಕಚೇರಿಯ ಉಳಿದವರಿಗೂ ತಿಳಿದಿರಬೇಕು, ಏಕೆಂದರೆ ಶಕುಂತಲಾಬಾಯಿ ಟೈಪ್ ಯಂತ್ರದ ಮೇಲಿನ ಕೈಯನ್ನು ಮೆಲ್ಲಗೆ ತೆಗೆದರು. ಬೈಗುಳ, ಜೋಗುಳ, ಬಸುರಿ ರಾಣಿ, ತೆಲುಗು ಎಲ್ಲ ಹುಡುಕಿದ್ದ ನಾವು ‘ಆಗಲ್ಲ’ ಎಂಬ ಮಾತನ್ನು ಹುಡುಕಿರಲಿಲ್ಲ. ನಮ್ಮ ಕಚೇರಿಯಲ್ಲಿ ಯಾರ ಬಾಯಲ್ಲೂ ಅದು ಇರಲಿಲ್ಲ, ಹಾಗಾಗಿ ಯಾರ ತಲೆಗೂ ಹೊಳೆದಿರಲಿಲ್ಲ. ಹೊಸಬರು ಬಂದ ಮೊದಲ ದಿನವೇ ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಕಳಿಸುತ್ತಿದ್ದವನು ನಾನೇ.

ಸರ್ವಮಂಗಳಮ್ಮ ಚೀಲವನ್ನು ಕಿಂಡಿಯ ಕಟ್ಟೆಯ ಮೇಲಿಟ್ಟರು. “ಈಗ ನಾನು ಕೇಳ್ತೀನಿ, ತಾಯಿ. ಅವರಿಗೆ ಕೇಳಿದ್ದನ್ನೇ ಕೇಳ್ತೀನಿ. ನೀನು ಅವರ ದನಿಯಲ್ಲಿ ಒಂದು ಸಲ ಆಗಲ್ಲ ಅನ್ನು. ನಿಂಗೆ ನಿನ್ನ ದನಿ ಸಿಗುತ್ತೆ, ನಂಗೆ ನನ್ನ ಉತ್ತರ ಸಿಗುತ್ತೆ.” ಆಮೇಲೆ ಸೆರಗು ಸರಿಮಾಡಿಕೊಂಡು, ದನಿಯನ್ನು ಸ್ವಲ್ಪ ತಗ್ಗಿಸಿ, ಹೊಸದಾಗಿ ಮದುವೆಯಾದವರು ಕೇಳುವ ಹಾಗೆ ಕೇಳಿದರು. “ಎಕ್ಸ್‌ಚೇಂಜಿನಲ್ಲಿ ಕೆಲಸ ಬಂದಿದೆ. ಸೇರಲಾ?”

ಇಂದುಮತಿಯ ಕಣ್ಣು ನನ್ನ ಕಡೆ ಬಂತು, ಕಟ್ಟೆಯ ಮೇಲಿನ ಚೀಲದ ಕಡೆ ಹೋಯಿತು. ಆ ಹೆಣ್ಣುಮಗಳಿಗೆ ಅದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಈ ಕೆಲಸಕ್ಕಾಗಿ ಊರು ಬಿಟ್ಟು ಬಂದವರು. ಕೆಲಸ ಬಂದಿದೆ, ಸೇರಲಾ ಎಂದು ಒಬ್ಬ ಹೆಂಗಸು ಎದುರು ನಿಂತು ಕೇಳಿದರೆ ಅವರ ಬಾಯಿಂದ ಬರಬೇಕಾದ ಮಾತೇ ಬೇರೆ. “ಹೇಗೆ ಹೇಳಲಿ ಅಮ್ಮಾ? ಸೇರಿಕೊಳ್ಳಿ ಅಂತೀನಿ,” ಎಂದರು. ಅಂದೂಬಿಟ್ಟರು, ಆದರೆ ದನಿ ಬದಲಾಗಲಿಲ್ಲ. ಸೇರಿಕೊಳ್ಳಿ ಎಂಬ ಮಾತನ್ನು ಚೆನ್ನವೀರಯ್ಯನವರು ಬೇರೆ ಯಾರಿಗೋ ಹೇಳಿದ್ದಿರಬೇಕು. ಸರ್ವಮಂಗಳಮ್ಮನ ಮುಖ ಒಂದು ಕ್ಷಣ ಗಟ್ಟಿಯಾಯಿತು. ಅದು ನಂಗೆ ಬೇಡ, ನಿಜ ಹೇಳು ಎಂದರು. ಅವರ ಮನಸ್ಸಿನಲ್ಲಿ ಅವತ್ತು ಏನಿತ್ತೋ ಅದನ್ನು ಹೇಳು. ಮನೆಯಲ್ಲಿ ಮಗು ಕಾಯುತ್ತಿದೆಯಂತಲ್ಲ, ಕಾಯೋದು ಅಂದ್ರೆ ಏನು ಅಂತ ನಂಗೊತ್ತು. ಆಮೇಲೆ ಮತ್ತೆ ಕೇಳಿದರು. “ಸೇರಲಾ?”

ಇಂದುಮತಿ ಕಟ್ಟೆಯ ಅಂಚನ್ನು ಹಿಡಿದುಕೊಂಡು, ಅವರ ಮುಖವನ್ನೇ ನೋಡುತ್ತ ಹೇಳಿದರು. “ಆಗಲ್ಲ.”

‘ಆಗ’ ಚೆನ್ನವೀರಯ್ಯನವರ ದನಿಯಲ್ಲಿತ್ತು. ‘ಲ್ಲ’ ಅವರದಾಗಿರಲಿಲ್ಲ. ತೆಳುವಾದ, ಸ್ವಲ್ಪ ಮೂಗಿನಿಂದ ಬರುವ, ಬಹಳ ದಿನ ಬಳಸದೆ ಒಣಗಿದ್ದ ಒಂದು ದನಿ. ನಾವು ಯಾರೂ ಅದನ್ನು ಕೇಳಿರಲಿಲ್ಲ. ಇಂದುಮತಿ ಇನ್ನೊಂದು ಸಲ ಆಗಲ್ಲ ಎಂದರು, ಪರೀಕ್ಷೆ ಮಾಡುವವರ ಹಾಗೆ. ಈ ಸಲ ದನಿ ಪೂರ್ತಿಯಾಗಿ ಇಂದುಮತಿಯದೇ. ದಸ್ತಗೀರ ಚಹಾದ ಲೋಟವನ್ನು ಅವರ ಮುಂದಿಟ್ಟು, ಇವ್ರ ದನಿ ಇಷ್ಟು ಸಣ್ಣದಾ, ಇನ್ಮೇಲೆ ಹೊರಗಿನವರಿಗೆ ಕೇಳಿಸೋದು ಕಷ್ಟ ಎಂದು ನನ್ನ ಕಿವಿಯಲ್ಲಿ ಹೇಳಿದ. ಅವನ ಕಣ್ಣು ಒದ್ದೆಯಾಗಿತ್ತು.

ಇಂದುಮತಿ ಎದ್ದು ಕಿಂಡಿಯ ಸಂದಿನಿಂದ ಕೈ ಚಾಚಿ ಸರ್ವಮಂಗಳಮ್ಮನ ಕೈ ಮುಟ್ಟಿದರು. ಆಮೇಲೆ ನನ್ನ ಬಳಿ ಬಂದರು. “ಸಾರ್, ಒಂದು ಗಳಿಗೆ ಮನೆಗೆ ಹೋಗಿ ಬರಲಾ?” ನನ್ನ ಬಾಯಿಗೆ ‘ನೋಡೋಣ’ ಬಂದೇ ಬಂತು. ಅದನ್ನು ನುಂಗಿಕೊಂಡು, ಹೋಗಿ ಬನ್ನಿ ಎಂದೆ. ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಬೇಗ ಬೇಗ ಇಳಿಯಿತು.

ಮನೆಯಲ್ಲಿ ನಡೆದದ್ದನ್ನು ಅವರು ಮರುದಿನ ಹೇಳಿದರು, ಇಲ್ಲೇ ಸೇರಿಸಿಬಿಡುತ್ತೇನೆ. ನಾನು ಹೇಳಿಕೊಟ್ಟದ್ದನ್ನು ಮರೆತು ಅವರು ಬಾಗಿಲಾಚೆಯಿಂದಲೇ ಮಗಳನ್ನು ಕೂಗಿದರಂತೆ. ಒಳಗೆ ಓಡುವ ಕಾಲಿನ ಸದ್ದು ಕೇಳಿಸಿತಂತೆ, ಈ ಸಲ ಬಾಗಿಲ ಕಡೆಗೆ. ಚಿಲಕ ಎಟುಕದೆ ಅಜ್ಜಿಯನ್ನು ಕರೆಯಿತಂತೆ. ಬಾಗಿಲು ತೆರೆದಾಗ ಮಗು ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲಿಗೆ ಹೋಗಿದ್ದೆ ಎಂದು ಗದರಿತಂತೆ. ಇಂದುಮತಿ ಏನು ಉತ್ತರ ಕೊಟ್ಟರೆಂದು ನಾನು ಕೇಳಲಿಲ್ಲ. ಅವತ್ತಿನಿಂದ ಆ ಕಿಂಡಿಯಲ್ಲಿ ಅವರು ‘ಇವತ್ತು ಆಗಲ್ಲ’, ‘ಈ ವಾರ ಆಗಲ್ಲ, ಟ್ಯಾಂಕರ್ ತರಿಸಿಕೊಳ್ಳಿ’ ಎಂದು ನೇರವಾಗಿಯೇ ಹೇಳುತ್ತಾರೆ. ಜನ ಗೊಣಗುತ್ತಾರೆ. ಒಂದು ಕಿಟಕಿ ಗಾಜು ಒಡೆದಿದೆ. ಆದರೆ ಕಿಂಡಿಯ ಮುಂದೆ ಕಣ್ಣು ಮುಚ್ಚಿಕೊಂಡು ನಿಲ್ಲುವವರು ಯಾರೂ ಇಲ್ಲ. ಕೇಳಿಸಿಕೊಂಡು ಬೇರೆ ಬಾವಿಯ ಕಡೆ ಹೋಗುತ್ತಾರೆ. ಹೊಸಬರಿಗೆ ನಾನು ಹೇಳಿಕೊಡುತ್ತಿದ್ದ ಕಡೆಯ ಪಾಠವನ್ನು ಈಗ ಅವರೇ ಹೇಳಿಕೊಡುತ್ತಾರೆ, ನಾನು ನಲ್ಲಿ, ಫ್ಯಾನು, ಸಕ್ಕರೆಯವರೆಗೆ ಮಾತ್ರ.

ಆ ದಿನಕ್ಕೆ ಮರಳುತ್ತೇನೆ. ಹೊಸಬರಿಗೆ ದನಿ ಬಂದ ಕೂಡಲೆ ಹಳಬರ ಮನೆಗೆ ಹೋಗಿ ವಿಚಾರಿಸಿ ಗಂಟೆ ತರುವುದೂ ನನ್ನದೇ ಕೆಲಸ. ಸರ್ವಮಂಗಳಮ್ಮನ ಜೊತೆಯಲ್ಲೇ ಹೊರಟೆ. ದಾರಿಯಲ್ಲಿ ಅವರು ಎಕ್ಸ್‌ಚೇಂಜಿನ ಗೋಡೆಯ ಹತ್ತಿರ ಬಂದಾಗ ನಿಂತು, ಮೇಲೆ ಕೂತ ಪಾರಿವಾಳಗಳನ್ನು ನೋಡಿದರು. “ನೋಡಿದ್ರಾ, ಅಲ್ಲೂ ಪೂರ್ತಿ ಹೇಳಲಿಲ್ಲ. ಆಗ ಅಂತ ಅಷ್ಟೇ ಅಂದು ಎದ್ದು ಹೋಯ್ತು ಆ ದನಿ.” ಅವರು ನಗುತ್ತಿದ್ದರು, ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಚೆನ್ನವೀರಯ್ಯನವರು ಜಗಲಿಯ ಮೇಲೆ ಎದ್ದು ನಿಂತಿದ್ದರು. ಮೊರ ಮಗುಚಿಬಿದ್ದು ಬೆಳ್ಳುಳ್ಳಿ ಸಿಪ್ಪೆ ಅಂಗಳದಲ್ಲೆಲ್ಲ ಹಾರುತ್ತಿತ್ತು. ನಮ್ಮನ್ನು ಕಂಡು ದೂರದಿಂದಲೇ ಮಾತಾಡಿದರು, ಹಂಡೆಯ ದನಿ ಮರಳಿ ಅವರಲ್ಲಿತ್ತು. ಸುಮ್ಮನೆ ಕೂತಿದ್ದೆ, ಇದ್ದಕ್ಕಿದ್ದ ಹಾಗೆ ಬಾಯಿಂದ ‘ಲ್ಲ’ ಅಂತ ಬಂತು ಎಂದರು. ಪಕ್ಕದ ಮನೆಯವರೂ ಅದನ್ನು ಕೇಳಿದ್ದರು, ನಾನು ಆಮೇಲೆ ವಿಚಾರಿಸಿ ಖಚಿತಪಡಿಸಿಕೊಂಡೆ. ಚೆನ್ನವೀರಯ್ಯನವರು ಗೊಂದಲದಲ್ಲಿದ್ದರು. “ಅದ್ಯಾವ ಮಾತಿನ ಬಾಲ ಅಂತ ಗೊತ್ತಾಗಲಿಲ್ಲ, ಮಂಗಳಾ. ಯಾರು ಏನು ಕೇಳಿದ್ರು ನನ್ನ?”

ಸರ್ವಮಂಗಳಮ್ಮ ಅಂಗಳದಲ್ಲೇ ನಿಂತುಬಿಟ್ಟರು. ಚೀಲವನ್ನು ನೆಲಕ್ಕೆ ಇಳಿಸಿದರು. ಆಮೇಲೆ ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಗಂಡನ ಎದುರಿಗೆ ಕೂತರು, ಅವರನ್ನೂ ಕೂರುವಂತೆ ಹೇಳಿದರು. ಸೆರಗು ಸರಿಮಾಡಿಕೊಂಡರು. ಅದು ನಾನು ಇರಬೇಕಾದ ಜಾಗವಲ್ಲವೆಂದು ಗಂಟೆಯನ್ನು ಎತ್ತಿಕೊಂಡು, ಸದ್ದಾಗದಂತೆ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದು, ಹೊರಟೆ. ಗೇಟು ದಾಟುವಾಗ ಅವರು ಅದೇ ಪ್ರಶ್ನೆ ಕೇಳಿದ್ದು ಕೇಳಿಸಿತು. ನಾನು ಬೀದಿಗೆ ಇಳಿದ ಮೇಲೆ ಚೆನ್ನವೀರಯ್ಯನವರ ಉತ್ತರ ಬಂತು. ಉತ್ತರ ಏನೆಂದು ನನಗೆ ಸ್ಪಷ್ಟವಾಗಿ ಕೇಳಿಸಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಅದು ‘ನೋಡೋಣ’ ಅಲ್ಲವೆಂಬುದು ಮಾತ್ರ ಖಚಿತ, ಏಕೆಂದರೆ ನಾನು ಬೀದಿಯ ತಿರುವು ಮುಟ್ಟುವ ಮೊದಲೇ ಸರ್ವಮಂಗಳಮ್ಮ ಜಗಳ ಶುರುಮಾಡಿದ್ದರು.